ಬಳೆ ಬಿಗಿಯಾದರೆ

ಮತ್ತೋಡು ಅಂದರೆ ಇವತ್ತಿನವರಿಗೆ ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಒಂದು ಹೋಬಳಿ. ತೆಂಗು, ಅಡಿಕೆ, ರಾಗಿ, ಸಾವೆ ಬೆಳೆಯುವ ಊರುಗಳು. ಹಳಬರನ್ನು ಕೇಳಿದರೆ ಮೊದಲು ಪಾಳೆಯಗಾರರ ಕೋಟೆಯ ಮಾತು ತೆಗೆಯುತ್ತಾರೆ, ಅದರ ಬೆನ್ನಿಗೇ ಗಾಜಿನ ಮಾತು. ಟಿಪ್ಪು ಹೋದ ಮೇಲೆ, 1800-01ರಲ್ಲಿ, ಮೈಸೂರು ಸೀಮೆ ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಜಿನ ಕುಲುಮೆಗಳ ವಿಷಯ ಬರೆದಿದ್ದಾನೆ. ಬೇಕಾದ ಸಾಮಗ್ರಿಯೆಲ್ಲ ಸುತ್ತಮುತ್ತಲ ನೆಲದಲ್ಲೇ ಸಿಗುತ್ತಿತ್ತು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ, ಹೀಗೆ ಐದು ಬಣ್ಣದ ಬಳೆ ಮತ್ತೋಡಿನಿಂದ ಹೊರಡುತ್ತಿದ್ದವು. ಈಗ ಆ ಕುಲುಮೆಗಳಿಲ್ಲ. ಜಾತ್ರೆಯಲ್ಲಿ ನಾವು ಕೊಳ್ಳುವ ಬಳೆ ಫಿರೋಜಾಬಾದಿನದು.

ಬಸುರಿಯರ ಆರೋಗ್ಯದ ಬಗ್ಗೆ ಮಾತಾಡಮ್ಮ ಅಂತ ಆಕಾಶವಾಣಿಯವರು ಕರೆದರೆ ಈ ನರ್ಸಮ್ಮ ಬಳೆ ಮಲಾರ ಬಿಚ್ಚಿಕೊಂಡು ಕೂತಳಲ್ಲ ಅಂದುಕೊಳ್ಳಬೇಡಿ. ನಾನು ಬಳೆಯಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ.

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ನಾನಾಗ ಉಪಕೇಂದ್ರದಲ್ಲಿ ಕೆಲಸಕ್ಕಿದ್ದೆ. ಹೋಬಳಿಯ ಒಂದು ಹಳ್ಳಿಯಲ್ಲಿ ಚೊಚ್ಚಲ ಬಸುರಿಗೆ ಏಳು ತಿಂಗಳಾಗಿ ಸೀಮಂತ ಇಟ್ಟುಕೊಂಡಿದ್ದರು. ನನಗೂ ಊಟಕ್ಕೆ ಕರೆ ಬಂದಿತ್ತು. ಹಸಿರು ಸೀರೆ ಉಡಿಸಿ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದ್ದರು. ಬಳೆ ತೊಡಿಸಲು ಬಂದಾಕೆ ಆ ಸೀಮೆಯ ಮದುವೆಗಳಿಗೆಲ್ಲ ಬಳೆ ಇಟ್ಟವಳು. ಎಡಗೈ ಹಿಡಿದು ಒಂದು ಬಳೆ ಏರಿಸಿದಳು, ಅದು ಗೆಣ್ಣಿನಲ್ಲೇ ನಿಂತಿತು. ದೊಡ್ಡ ಅಳತೆಯದು ತೆಗೆದಳು, ಅದೂ ಹೋಗಲಿಲ್ಲ. ಕೈಯನ್ನು ಹಾಗೇ ಹಿಡಿದುಕೊಂಡು ಅತ್ತೆಯ ಕಡೆ ತಿರುಗಿ ಅಂದಳು: "ಈ ಕೈ ನಂಗೊತ್ತು ಕಣವ್ವ. ಹೋದ್ವರ್ಷ ಮದುವೇಲಿ ಇದೇ ಕೈಗೆ ಎರಡು-ನಾಲ್ಕರ ಬಳೆ ಸಲೀಸಾಗಿ ಹೋದ್ವು. ಈಗ ಎರಡು-ಆರೂ ಹೋಗವಲ್ದು. ಇದ್ಯಾಕೋ ಸರಿಯಿಲ್ಲ."

ಅತ್ತೆಗೆ ಸಿಟ್ಟು ಬಂತು. "ಬಸುರಿ ಹೆಂಗಸು ಮೈತುಂಬಿಕೊಂಡವಳೆ, ದೃಷ್ಟಿ ಹಾಕ್ಬೇಡ, ಸುಮ್ನೆ ಇಕ್ಕು" ಅಂದರು.

ನಾನು ಎದ್ದು ಹತ್ತಿರ ಹೋದೆ. ಹುಡುಗಿಯ ರೆಪ್ಪೆಗಳು ಊದಿದ್ದವು. ಎರಡು ದಿನದಿಂದ ತಲೆ ಸಿಡಿಯುತ್ತಿದೆ ಅಂತ ಪಿಸುಗುಟ್ಟಿದಳು. ಮನೆ ತುಂಬ ನೆಂಟರು, ಕೆಲಸ ಇದೆ, ಹೇಳಿದರೆ ಏನಂದುಕೊಳ್ಳುತ್ತಾರೋ ಅಂತ ನಾದಿನಿಗೊಬ್ಬಳಿಗೆ ಹೇಳಿದ್ದಳಂತೆ. ಚೀಲದಲ್ಲಿದ್ದ ಬಿಪಿ ಯಂತ್ರ ತೆಗೆದು ಪಟ್ಟಿ ಸುತ್ತಿದೆ. ಪಾದರಸ 170ರಲ್ಲಿ ಬಡಿಯತೊಡಗಿತು, 110ರವರೆಗೂ ಬಡಿತ ನಿಲ್ಲಲಿಲ್ಲ. ಮೂತ್ರ ತರಿಸಿ ಗಾಜಿನ ನಳಿಗೆಯಲ್ಲಿ ಕಾಯಿಸಿದೆ. ಒಡೆದ ಹಾಲಿನ ಹಾಗೆ ಬೆಳ್ಳಗೆ ಗಟ್ಟಿಕಟ್ಟಿತು.

ಈಗಲೇ ಹೊರಡಬೇಕು ಅಂದೆ. ಮನೆಯವರು ಕೆಟ್ಟವರಲ್ಲ. ಆದರೆ ಆರತಿ ಆಗದೆ ಮಣೆಯಿಂದ ಏಳಿಸುವುದು ಹೇಗೆ? ಬೀಗರು ಬಂದು ಕೂತಿದ್ದಾರೆ, ಅವರಿಗೆ ಊಟ ಆಗಬೇಡವೆ? ಗಂಡ ಕೊಬ್ಬರಿ ಹಾಕಲು ತಿಪಟೂರಿಗೆ ಹೋದವನು ಸಂಜೆಗೆ ಬರುತ್ತಾನೆ, ಅವನನ್ನು ಕೇಳದೆ ಕಳಿಸುವುದು ಹೇಗೆ? ಯಾರೊಬ್ಬರೂ ಬೇಡ ಅನ್ನಲಿಲ್ಲ. ಹೊರಡಿ ಅಂತಲೂ ಯಾರೂ ಅನ್ನಲಿಲ್ಲ. ಎರಡೂವರೆ ಗಂಟೆ ಹಾಗೇ ಕಳೆಯಿತು. ಕೊನೆಗೆ ತೆಂಗಿನಕಾಯಿ ಸಾಗಿಸುವ ಮೆಟಡಾರ್‌ನಲ್ಲಿ ಹಾಸಿಗೆ ಹಾಕಿ ಹೊರಟೆವು. ಹೊಳಲ್ಕೆರೆ ದಾಟಿದ ಮೇಲೆ ಅವಳ ಕಣ್ಣು ಮೇಲಕ್ಕೆ ಹೋಯಿತು, ಹಲ್ಲು ಕಚ್ಚಿಕೊಂಡವು, ಮೈ ಸೆಟೆಯಿತು. ಚಿತ್ರದುರ್ಗದಲ್ಲಿ ಅವಳನ್ನು ಉಳಿಸಿಕೊಟ್ಟರು. ಮಗು ಉಳಿಯಲಿಲ್ಲ.

ಆ ಎರಡೂವರೆ ಗಂಟೆಯೇ ಇವತ್ತಿನ ನನ್ನ ಮಾತು. ಅಪಾಯದ ಗುರುತುಗಳು ನಮಗೆ ಕಾಣುವುದಿಲ್ಲ ಅಂತಲ್ಲ. ಬಳೆಗಾರ್ತಿಗೆ ಕಂಡಿತ್ತು, ನಾದಿನಿಗೆ ಗೊತ್ತಿತ್ತು, ಬಸುರಿಗೆ ಅದು ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಕಂಡದ್ದನ್ನು ನಂಬಿ ಹೊಸ್ತಿಲು ದಾಟಿಸುವವರು ಮಾತ್ರ ಇರಲಿಲ್ಲ.

ಅವಳಿಗೆ ಆದದ್ದನ್ನು ನಮ್ಮ ಹಿರಿಯರು 'ನಂಜು' ಅನ್ನುತ್ತಿದ್ದರು. 'ಬಸುರಿಗೆ ನಂಜೇರಿತು' ಅನ್ನುವ ಮಾತು ನೀವೂ ಕೇಳಿರುತ್ತೀರಿ. ಇದು ಸಾಮಾನ್ಯವಾಗಿ ಐದು ತಿಂಗಳು ಕಳೆದ ಮೇಲೆ ಶುರುವಾಗುತ್ತದೆ. ಮಗುವಿಗೆ ಅನ್ನ-ಉಸಿರು ಒದಗಿಸುವ ಮಾಸು ಗರ್ಭಚೀಲದಲ್ಲಿ ಬೇರು ಬಿಡುವಾಗಲೇ ಅಲ್ಲಿನ ರಕ್ತನಾಳಗಳು ಸರಿಯಾಗಿ ಅಗಲವಾಗದಿದ್ದರೆ, ಮುಂದೆ ತಾಯಿಯ ಮೈಯೆಲ್ಲ ಅದಕ್ಕೆ ದಂಡ ತೆರಬೇಕಾಗುತ್ತದೆ. ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ. ನಾಳಗಳ ಗೋಡೆ ಸೋರಿ ನೀರು ಮಾಂಸಕ್ಕೆ ಇಳಿಯುತ್ತದೆ, ಕೈ-ಮುಖ ಊದುತ್ತದೆ. ಮೂತ್ರಪಿಂಡ ಸೋರಿದರೆ ಮೂತ್ರದಲ್ಲಿ ಪ್ರೋಟೀನು ಹೋಗುತ್ತದೆ; ನಾನು ಕಾಯಿಸಿದ ನಳಿಗೆಯಲ್ಲಿ ಗಟ್ಟಿಕಟ್ಟಿದ್ದು ಅದೇ. ಮೆದುಳಿಗೆ ತಟ್ಟಿದರೆ ತಲೆನೋವು, ಕಣ್ಣು ಮಂಜು, ಕಣ್ಣ ಮುಂದೆ ಮಿಂಚುಹುಳ ಹಾರಿದ ಹಾಗೆ. ಅದನ್ನೂ ಬಿಟ್ಟರೆ ಮೂರ್ಛೆ.

ಪಿತ್ತಜನಕಾಂಗಕ್ಕೆ, ಅಂದರೆ ಲಿವರಿಗೆ, ತಟ್ಟಿದಾಗ ಎದೆಗುಂಡಿಗೆಯ ಕೆಳಗೆ, ಬಲಪಕ್ಕೆಯ ಹತ್ತಿರ ನೋವು ಬರುತ್ತದೆ. ನಾವು ಮೋಸ ಹೋಗುವುದು ಇಲ್ಲೇ. ಗ್ಯಾಸು, ಪಿತ್ತ ಅಂತ ಸೋಡಾ ಕುಡಿಸಿ ಜೀರಿಗೆ ಕಷಾಯ ಕೊಟ್ಟು ಮಲಗಿಸುತ್ತೇವೆ. ಏಳು ತಿಂಗಳ ಬಸುರಿಗೆ ಹೀಗೆ ಹೊಟ್ಟೆಯ ಮೇಲ್ಭಾಗ ನೋಯುತ್ತಿದ್ದರೆ, ಕಷಾಯಕ್ಕೆ ಒಲೆ ಹೊತ್ತಿಸುವ ಮೊದಲು ಬಿಪಿ ನೋಡಿಸಬೇಕು.

ಕಾಲು ಊದುವುದೆಲ್ಲ ರೋಗವೆ ಅಂತ ಕೇಳುತ್ತೀರಿ. ಅಲ್ಲ. ದಿನವಿಡೀ ನಿಂತು ಕೆಲಸ ಮಾಡಿದ ಬಸುರಿಗೆ ಸಂಜೆ ಪಾದ ಊದಿ, ರಾತ್ರಿ ಕಾಲು ಚಾಚಿ ಮಲಗಿದರೆ ಬೆಳಗ್ಗೆಗೆ ಇಳಿಯುತ್ತದೆ. ಬೆಳಗ್ಗೆ ಏಳುವಾಗಲೇ ಮುಖ ಬಾತಿದ್ದರೆ, ನಿನ್ನೆ ಆಡುತ್ತಿದ್ದ ಉಂಗುರ ಇವತ್ತು ಬೆರಳಿಗೆ ಕಚ್ಚಿದ್ದರೆ, ಬಳೆ ಬಿಗಿಯಾಗಿದ್ದರೆ, ಆವಾಗ ಎಚ್ಚರ. ಹಾಗಂತ ಊತ ಇಲ್ಲ ಅಂದಮಾತ್ರಕ್ಕೆ ನಂಜು ಇಲ್ಲ ಅಂತಲೂ ಅಲ್ಲ. ಒಂದಿಷ್ಟೂ ಊದದೆ ಮೂರ್ಛೆ ಬಂದವರನ್ನು ನೋಡಿದ್ದೇನೆ. ಅದಕ್ಕೇ ತಿಂಗಳಿಗೊಮ್ಮೆ, ಕೊನೆಕೊನೆಗೆ ವಾರಕ್ಕೊಮ್ಮೆ ಬಿಪಿ ನೋಡುವುದು. ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ವೈದ್ಯರು ನೋಡಬೇಕು. 160 ಅಥವಾ 110 ಮುಟ್ಟಿದರೆ ಆ ಹೊತ್ತಿಗೇ ಆಸ್ಪತ್ರೆ. ಉಪ್ಪು ಬಿಟ್ಟರೆ, ಮಗ್ಗುಲಾಗಿ ಮಲಗಿದರೆ ಇಳಿಯುತ್ತದೆ ಅಂತ ಮನೆಯಲ್ಲಿ ಪರೀಕ್ಷೆ ಮಾಡುತ್ತ ಕೂರುವಂತಿಲ್ಲ. ಈ ಕಾಯಿಲೆ ಪೂರ್ತಿ ಬಿಡುವುದು ಹೆರಿಗೆ ಆದ ಮೇಲೇ, ಅದೂ ಕೆಲವು ದಿನ ತಡವಾಗಿ. ಅಲ್ಲಿಯವರೆಗೆ ಮೂರ್ಛೆ ತಡೆಯಲು ಮೆಗ್ನೀಷಿಯಂ ಸಲ್ಫೇಟ್ ಅನ್ನುವ ಇಂಜೆಕ್ಷನ್ ಇದೆ. ದುಬಾರಿಯದಲ್ಲ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನ, ಈ ಔಷಧ ಮೂರ್ಛೆಯ ಅಪಾಯವನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ ಅಂತ ತೋರಿಸಿತು. ಆದರೆ ಔಷಧ ಇರುವುದು ಆಸ್ಪತ್ರೆಯ ಕಪಾಟಿನಲ್ಲಿ, ಬಸುರಿ ಇರುವುದು ಹಳ್ಳಿಯ ನಡುಮನೆಯಲ್ಲಿ.

ಬಿಪಿ ಯಂತ್ರವನ್ನೇ ಮನೆಬಾಗಿಲಿಗೆ ಒಯ್ದರೆ ಹೇಗೆ ಅಂತ ನಮ್ಮ ರಾಜ್ಯದಲ್ಲೇ ನೋಡಿದ್ದಾರೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರು, ನರ್ಸಮ್ಮಂದಿರು ಸುಲಭದ ಯಂತ್ರ ಹಿಡಿದು ಮನೆಮನೆಗೆ ಹೋಗಿ ಬಸುರಿಯರ ಬಿಪಿ ಅಳೆದರು. ಅವರು ಅಳೆಯಬಲ್ಲರು ಅನ್ನುವುದು ಗಟ್ಟಿಯಾಯಿತು. ಆದರೆ ಅಷ್ಟರಿಂದಲೇ ಸಾವುನೋವಿನ ಲೆಕ್ಕ ಇಳಿಯಲಿಲ್ಲ. ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಅವತ್ತು ಸೀಮಂತದ ಮನೆಯಲ್ಲೂ ನಾನು ಬಿಪಿ ಅಳೆದಿದ್ದೆನಲ್ಲ.

ಇನ್ನು ರಕ್ತ. ಬಸುರಿಗೆ ಯಾವ ತಿಂಗಳಲ್ಲೇ ಆಗಲಿ ರಕ್ತ ಕಂಡರೆ ತೋರಿಸಬೇಕು. ಮುಟ್ಟು ನಿಂತು ಎರಡು ತಿಂಗಳೊಳಗೆ ಕಿಬ್ಬೊಟ್ಟೆಯ ಒಂದೇ ಕಡೆ ನೋವು, ಸ್ವಲ್ಪ ರಕ್ತ, ತಲೆಸುತ್ತಿ ಬೀಳುವುದು, ಭುಜದ ತುದಿಯಲ್ಲಿ ನೋವು ಇದ್ದರೆ, ಗರ್ಭ ಚೀಲದಲ್ಲಿ ನಿಲ್ಲದೆ ನಾಳದಲ್ಲೇ ಬೆಳೆದು ಒಡೆದಿರಬಹುದು. ಇಲ್ಲಿ ಹೊರಗೆ ಕಾಣುವ ರಕ್ತ ಚಮಚದಷ್ಟು, ಒಳಗೆ ಹೊಟ್ಟೆ ತುಂಬ. ಬಸುರಿ ಅಂತಲೇ ಇನ್ನೂ ಗೊತ್ತಿಲ್ಲದ ಹುಡುಗಿಗೂ ಇದು ಆಗಬಹುದು, ಅದಕ್ಕೇ ಹೇಳಿದೆ. ಏಳು ತಿಂಗಳ ಮೇಲೆ ನೋವೇ ಇಲ್ಲದೆ ಕೆಂಪು ರಕ್ತ ಹೋದರೆ ಮಾಸು ಕೆಳಗೆ, ದಾರಿಗೆ ಅಡ್ಡವಾಗಿ ಕೂತಿರಬಹುದು. ನೋವಿಲ್ಲವಲ್ಲ ಅಂತ ಸಮಾಧಾನ ಪಡುವಂತಿಲ್ಲ, ಕೈ ಹಾಕಿ ನೋಡುವುದಂತೂ ಕೂಡದು. ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿ, ಬಿಡದ ನೋವಿದ್ದರೆ ಮಾಸು ಕಳಚಿಕೊಳ್ಳುತ್ತಿರಬಹುದು. ಆಗ ರಕ್ತ ಹೊರಗೆ ಬಾರದೆಯೂ ಇರುತ್ತದೆ. ಈ ಹೆಸರೆಲ್ಲ ನೆನಪಿಟ್ಟುಕೊಳ್ಳುವುದು ಡಾಕ್ಟರ ಕೆಲಸ. ನಿಮ್ಮ ಕೆಲಸ ಗಾಡಿ ತರಿಸುವುದು.

ಹೆರಿಗೆಯಾದ ಮೇಲಿನ ರಕ್ತದ ವಿಷಯದಲ್ಲಿ ನಮ್ಮ ಕಡೆ ಒಂದು ಮಾತಿದೆ: 'ಕೆಟ್ಟ ರಕ್ತ, ಹೋಗಲಿ ಬಿಡಿ.' ಈ ಮಾತಿನ ಮೇಲೆ ನನಗೆ ತುಂಬ ಕೋಪ. ಬಾಣಂತಿಗೆ ರಕ್ತ ಹೋಗುವುದು ಸಹಜ. ಒಂದು ಗಂಟೆಯೊಳಗೆ ಬಟ್ಟೆ ಪೂರ್ತಿ ತೊಯ್ದು ಇನ್ನೊಂದು ಬೇಕಾದರೆ, ಗಡ್ಡೆಗಡ್ಡೆಯಾಗಿ ಬಿದ್ದರೆ, ಬಾಣಂತಿ ಬೆವತು ತಣ್ಣಗಾದರೆ ಅದು ಅವಳ ಜೀವವೇ ಹೊರಗೆ ಹೋಗುತ್ತಿರುವುದು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಹಳ್ಳಿಗಳಲ್ಲಿ ನಡೆಸಿದ ಒಂದು ಅಧ್ಯಯನ 2006ರಲ್ಲಿ ಪ್ರಪಂಚದ ಗಮನ ಸೆಳೆಯಿತು. ಹೆರಿಗೆಯಾದ ಕೂಡಲೇ ನುಂಗಲು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ ಸುಮಾರು 6ಕ್ಕೆ ಇಳಿಯಿತು. ಆ ಮಾತ್ರೆ ಕೊಟ್ಟವರು ನನ್ನಂಥ ನರ್ಸಮ್ಮಂದಿರೇ. ಸ್ವಲ್ಪ ಜಂಬ ಕೊಚ್ಚಿಕೊಂಡೆ, ಕ್ಷಮಿಸಿ.

ನಾನು ಸೂಲಗಿತ್ತಿಯರನ್ನು ಹೀಗಳೆಯುವವಳಲ್ಲ. ನಮ್ಮ ಜಿಲ್ಲೆಗೆ ಅಂಟಿಕೊಂಡಿರುವ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು ಒಂದು ಪೈಸೆ ಕೇಳದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ, ನಾಡಿ ಹೇಗಿದೆ ಅಂತ ಹೇಳುತ್ತಿದ್ದರಂತೆ. ಅಂಥ ಕೈಗೆ ನಾನು ಮುಗಿಯುತ್ತೇನೆ. ಆದರೆ ಎಷ್ಟು ಪಳಗಿದ ಕೈಯಾದರೂ ಮುಟ್ಟಿ ಬಿಪಿ ಹೇಳಲಾರದು, ರಕ್ತ ಎಷ್ಟಿದೆ ಅಂತ ಅಳೆಯಲಾರದು.

ರಕ್ತ ಕಮ್ಮಿ ಅನ್ನುವ ಮಾತು ನಮಗೆ ಎಷ್ಟು ಅಭ್ಯಾಸವಾಗಿದೆ ಅಂದರೆ ಅದನ್ನು ಕಾಯಿಲೆ ಅಂತ ಯಾರೂ ಎಣಿಸುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45ಕ್ಕಿಂತ ಹೆಚ್ಚು ಮಂದಿಗೆ ರಕ್ತ ಕಮ್ಮಿ. ಹಿಮೋಗ್ಲೋಬಿನ್ 11 ಇರಬೇಕು. ಏಳಕ್ಕಿಂತ ಕೆಳಗಿದ್ದರೆ ಹೆರಿಗೆಯಲ್ಲಿ ಹೋಗುವ ಮಾಮೂಲಿ ರಕ್ತವೇ ಅವಳನ್ನು ನೆಲಕ್ಕೆ ಹಾಕಬಹುದು. ಗುರುತುಗಳು ಮನೆಯಲ್ಲೇ ಇವೆ. ಕೂತಲ್ಲೇ ಏದುಸಿರು, ಎದೆ ಹೊಡೆದುಕೊಳ್ಳುವುದು, ನಾಲಿಗೆ ಬಿಳಿಚುವುದು. ಮತ್ತೊಂದು, ಮಣ್ಣು ತಿನ್ನುವುದು. ಮಳೆ ಬಿದ್ದಾಗ ಗೋಡೆಯ ಘಮಕ್ಕೆ ಬಾಯಲ್ಲಿ ನೀರೂರುತ್ತದೆ, ಕದ್ದು ಕೆಮ್ಮಣ್ಣು ತಿನ್ನುತ್ತಾಳೆ, ನಾವು ಬಯಕೆ ಅಂತ ನಗುತ್ತೇವೆ. ಅದು ಬಹಳ ಸಲ ಕಬ್ಬಿಣಾಂಶದ ಕೊರತೆ ಕೂಗಿ ಹೇಳುತ್ತಿರುವುದು. ಕೆಂಪು ಮಾತ್ರೆ ನೂರೆಂಬತ್ತು ದಿನ ನುಂಗಬೇಕು. ಮಲ ಕಪ್ಪಗಾಗುತ್ತದೆ, ಮಗು ಕಪ್ಪಾಗುವುದಿಲ್ಲ. ಟೀ ಜೊತೆ ನುಂಗಿದರೆ ಮಾತ್ರೆ ಮೈಗೆ ಹತ್ತುವುದಿಲ್ಲ, ನಿಂಬೆ ಶರಬತ್ತಿನ ಜೊತೆ ನುಂಗಿ. ಸುಣ್ಣದಂಶದ ಮಾತ್ರೆಯನ್ನು ಬೇರೆ ಹೊತ್ತಿಗಿಡಿ. ಮಾತ್ರೆಯನ್ನು ನಾಗಂದಿಗೆಯ ಡಬ್ಬಿಯಲ್ಲಿ ಬಚ್ಚಿಟ್ಟು "ನುಂಗ್ದೆ ಕಣಮ್ಮ" ಅಂದವರನ್ನೂ ನಾನು ಬಲ್ಲೆ. ಡಬ್ಬಿ ತೆಗೆದು ಎಣಿಸಿಯೂ ಇದ್ದೇನೆ.

ಜ್ವರ ಮತ್ತು ಚಳಿಯ ಬಗ್ಗೆ ಹೇಳುವಾಗ ನನಗೆ ನಮ್ಮದೇ ನಾಡಿನ ಒಬ್ಬಳು ಹೆಣ್ಣುಮಗಳು ನೆನಪಾಗುತ್ತಾಳೆ. ಬೆಳಗಾವಿಯ ಸವಿತಾ ಹಾಲಪ್ಪನವರ್, ದಂತವೈದ್ಯೆ, ಗಂಡನ ಜೊತೆ ಐರ್ಲೆಂಡಿನ ಗಾಲ್ವೇಯಲ್ಲಿದ್ದಳು. 2012ರ ಅಕ್ಟೋಬರಿನಲ್ಲಿ ಹದಿನೇಳು ವಾರದ ಬಸುರಿ, ಬೆನ್ನುನೋವು ಅಂತ ಆಸ್ಪತ್ರೆ ಸೇರಿದಳು. ಗರ್ಭ ನಿಲ್ಲುವುದಿಲ್ಲ ಅಂತ ವೈದ್ಯರಿಗೆ ಗೊತ್ತಾಯಿತು. ನೀರೂ ಒಡೆಯಿತು. ಗರ್ಭ ತೆಗೆದುಬಿಡಿ ಅಂತ ಅವಳೇ ಕೇಳಿಕೊಂಡಳು. ಭ್ರೂಣದ ಎದೆಬಡಿತ ಇನ್ನೂ ಇದೆ, ಇಲ್ಲಿನ ಕಾನೂನು ಬಿಡುವುದಿಲ್ಲ ಅಂದರು. ಒಂದು ಬೆಳಗಿನ ಜಾವ ಅವಳಿಗೆ ಹಲ್ಲು ಕಟಕಟಿಸುವಷ್ಟು ಚಳಿ ಬಂತು. ಕೋಣೆ ತಣ್ಣಗಿದೆಯೇನೋ ಅಂತ ಇನ್ನೊಂದು ಹೊದಿಕೆ ಹೊದಿಸಿ ಪ್ಯಾರಾಸಿಟಮಾಲ್ ಕೊಟ್ಟರು. ಅದು ಸೋಂಕು ರಕ್ತಕ್ಕೆ ಏರುತ್ತಿದ್ದ ಚಳಿ. ಅಕ್ಟೋಬರ್ 28ರಂದು ಸತ್ತಳು. ವಯಸ್ಸು 31. ಅವಳ ಸ್ಥಿತಿ ಹದಗೆಡುತ್ತಿದ್ದುದನ್ನು ಗುರುತಿಸುವ ಅವಕಾಶಗಳು ಮತ್ತೆ ಮತ್ತೆ ಕೈತಪ್ಪಿದವು ಅಂತ ಅಲ್ಲಿನ ಆರೋಗ್ಯ ಪ್ರಾಧಿಕಾರವೇ ಮರುವರ್ಷ ವರದಿ ಕೊಟ್ಟಿತು. 2018ರ ಮೇ ತಿಂಗಳಲ್ಲಿ ಆ ದೇಶದ ಜನ ಮತ ಹಾಕಿ ಕಾನೂನನ್ನೇ ಬದಲಿಸಿದರು.

ನೋಡಿ, ದೊಡ್ಡ ಆಸ್ಪತ್ರೆ, ಕಾಯಿಲೆ ಅಂದರೆ ಅರ್ಥವಾಗುವ ವಿದ್ಯಾವಂತೆ. ಅಲ್ಲೂ ಚಳಿ ಅಂದದ್ದಕ್ಕೆ ಸಿಕ್ಕಿದ್ದು ಹೊದಿಕೆ. ಹಾಗಾದರೆ ನಮ್ಮ ಹಳ್ಳಿಯ ಮೂಲೆಮನೆಯಲ್ಲಿ ಕಂಬಳಿ ಹೊದ್ದು ನಡುಗುವ ಬಾಣಂತಿಯನ್ನು ನೆನೆಸಿಕೊಳ್ಳಿ. 'ಬಾಣಂತಿಗೆ ಹಾಲು ಇಳಿಯುವ ಜ್ವರ' ಅನ್ನುತ್ತೇವೆ, 'ಸನ್ನಿ' ಅನ್ನುತ್ತೇವೆ, ಬೆಂಕಿ ಕಾಯಿಸುತ್ತೇವೆ. ನೀರು ಒಡೆದು ನೋವು ಬಾರದಿದ್ದರೆ, ಬಸುರಿಗೆ ಅಥವಾ ಬಾಣಂತಿಗೆ ನಡುಕ ಬಂದು ಜ್ವರ ಏರಿದರೆ, ಕೆಳಗೆ ಕೆಟ್ಟ ವಾಸನೆಯ ಸ್ರಾವ ಇದ್ದರೆ, ಮೂತ್ರ ಉರಿದರೆ, ಅದು ಹೊದಿಕೆಯಿಂದ ಹೋಗುವ ಚಳಿ ಅಲ್ಲ.

ನಮ್ಮ ಜಿಲ್ಲೆಯ ಹಟ್ಟಿಗಳಲ್ಲಿ ಬಾಣಂತಿಯನ್ನು ಊರ ಹೊರಗಿನ ಗುಡಿಸಲಲ್ಲಿ ಇರಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ, ಮಳೆಗಾಲದಲ್ಲಿ, ತುಮಕೂರಿನ ಹತ್ತಿರದ ಗೊಲ್ಲರಹಟ್ಟಿಯೊಂದರಲ್ಲಿ ಹೀಗೆ ಗುಡಿಸಲಲ್ಲಿದ್ದ ಹಸುಗೂಸು ಸತ್ತದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ದೇವರ ಮಾತು ದೊಡ್ಡದು, ನಾನು ವಾದಕ್ಕಿಳಿಯುವುದಿಲ್ಲ. ರಾತ್ರಿ ಎರಡು ಗಂಟೆಗೆ ಅಲ್ಲಿ ರಕ್ತ ಹೋಗತೊಡಗಿದರೆ ನೋಡುವವರು ಯಾರು ಅಂತ ಮಾತ್ರ ಹಟ್ಟಿಯ ಯಜಮಾನರನ್ನು ಕೇಳಿದ್ದೇನೆ. ಕೆಲವರು ಸುಮ್ಮನಾದರು. ಒಬ್ಬರು ಮಾತ್ರ ಆ ವರ್ಷ ಸೊಸೆಯನ್ನು ಮನೆಯ ಪಡಸಾಲೆಯಲ್ಲೇ ಇರಿಸಿಕೊಂಡರು.

ಮಗುವಿನ ಮಿಸುಕಾಟದ ಮಾತು ಬಿಟ್ಟೆನಲ್ಲ. ಐದನೇ ತಿಂಗಳ ಹೊತ್ತಿಗೆ ಮೀನು ಹೊರಳಿದ ಹಾಗೆ ಶುರುವಾಗುತ್ತದೆ. ಏಳು ತುಂಬಿದ ಮೇಲೆ ಪ್ರತಿ ಮಗುವಿಗೂ ತನ್ನದೇ ಹೊತ್ತುಗೊತ್ತು ಇರುತ್ತದೆ. ಒಂದಕ್ಕೆ ತಾಯಿ ಉಂಡು ಮಲಗಿದಾಗ ಆಟ, ಇನ್ನೊಂದಕ್ಕೆ ನಡುರಾತ್ರಿ. ಆ ವಾಡಿಕೆ ಅಮ್ಮನಿಗೊಬ್ಬಳಿಗೇ ಗೊತ್ತು, ಯಾವ ಸ್ಕ್ಯಾನಿಗೂ ಗೊತ್ತಿಲ್ಲ. 'ದಿನ ತುಂಬಿದ ಮೇಲೆ ಮಗು ತೆಪ್ಪಗಾಗುತ್ತೆ' ಅಂತ ಅಜ್ಜಿಯರು ಹೇಳುತ್ತಾರೆ. ಇದೊಂದನ್ನು ಅವರು ತಪ್ಪು ಹೇಳುತ್ತಾರೆ. ಜಾಗ ಇಕ್ಕಟ್ಟಾಗಿ ಒದೆತದ ರೀತಿ ಬದಲಾಗಬಹುದು, ಆದರೆ ಮಿಸುಕುವುದು ಹೆರಿಗೆಯ ದಿನದವರೆಗೂ ನಿಲ್ಲಬಾರದು. ಕಮ್ಮಿಯಾಯಿತು ಅನ್ನಿಸಿದರೆ ಏನಾದರೂ ತಿಂದು ಎಡಮಗ್ಗುಲಿಗೆ ಮಲಗಿ ಗಮನ ಕೊಡಿ. ಎರಡು ಗಂಟೆಯಲ್ಲಿ ಹತ್ತು ಸಲವಾದರೂ ಮಿಸುಕದಿದ್ದರೆ ಹೊರಡಿ. ನಾಳೆ ನೋಡೋಣ ಅನ್ನಬೇಡಿ.

ಹೀಗೇ ಬಿಡಿಬಿಡಿಯಾಗಿ ಇನ್ನೆರಡು. ಒಂದೇ ಕಾಲು ಊದಿ, ಮೀನಖಂಡ ಕೆಂಪಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಾಕಿ ನೀವಬೇಡಿ. ಗುಳ್ಳೆ ಏನೂ ಇಲ್ಲದೆ ಅಂಗೈ ಅಂಗಾಲು ರಾತ್ರಿಯೆಲ್ಲ ನವೆಯಾದರೆ ಲಿವರಿನ ತೊಂದರೆ ಇರಬಹುದು.

ಗುರುತುಗಳ ಮಾತಾಯಿತು, ಇನ್ನು ತಡದ ಮಾತು. 1994ರಲ್ಲಿ ಥಡ್ಡಿಯಸ್ ಮತ್ತು ಮೇನ್ ಅನ್ನುವ ಇಬ್ಬರು ಸಂಶೋಧಕಿಯರು ಬಸುರಿ-ಬಾಣಂತಿಯರ ಸಾವಿಗೆ ಮೂರು ತಡಗಳನ್ನು ಹೆಸರಿಸಿದರು. ಹೊರಡಬೇಕು ಅಂತ ತೀರ್ಮಾನಿಸುವಲ್ಲಿ ತಡ, ದಾರಿಯಲ್ಲಿ ತಡ, ಆಸ್ಪತ್ರೆಯೊಳಗೆ ತಡ. ನಮ್ಮ ಕಡೆಗೆ ಹೊಂದಿಸಿ ಹೇಳುವುದಾದರೆ ಜಗಲಿಯ ತಡ, ಗಾಡಿಯ ತಡ, ವಾರ್ಡಿನ ತಡ.

ಗಾಡಿಯ ತಡ ಸಾಕಷ್ಟು ಇಳಿದಿದೆ. 2008ರ ನವೆಂಬರಿನಲ್ಲಿ 108 ಆಂಬುಲೆನ್ಸ್ ಬಂತು, ದುಡ್ಡು ಕೇಳುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ರಕ್ತ, ಔಷಧ ಎಲ್ಲ ಉಚಿತ ಅನ್ನುವುದು 2011ರಿಂದ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ನಿಮ್ಮ ಹಕ್ಕು. ನೂರಕ್ಕೆ 97 ಹೆರಿಗೆ ಈಗ ಆಸ್ಪತ್ರೆಗಳಲ್ಲೇ ಆಗುತ್ತಿವೆ. ಆದರೂ 2018-20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತಿದ್ದಾರೆ. ಕೇರಳದಲ್ಲಿ 19. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು.

ವಾರ್ಡಿನ ತಡದ ಬಗ್ಗೆ ಮುಚ್ಚುಮರೆ ಮಾಡಿದರೆ ನೀವು ನನ್ನನ್ನು ನಂಬುವುದಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿತ್ತು. ಆಮೇಲೆ ಸರ್ಕಾರ ಆ ವರ್ಷದ ಏಪ್ರಿಲಿನಿಂದ ಡಿಸೆಂಬರಿನವರೆಗೆ ರಾಜ್ಯದಲ್ಲಿ ಆದ 464 ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ನೂರಕ್ಕೆ 70ಕ್ಕಿಂತ ಹೆಚ್ಚು ಸಾವು ತಪ್ಪಿಸಬಹುದಾಗಿದ್ದವು ಅಂತ ಆ ಪರಿಶೀಲನೆಯ ವರದಿಯೇ ಹೇಳಿತು. ಈ ಸುದ್ದಿ ಕೇಳಿ ಒಂದು ಮನೆಯಲ್ಲಿ ನನ್ನನ್ನು ಕೇಳಿದರು: "ಆಸ್ಪತ್ರೇಲೇ ಸಾಯ್ತಾರಂತಲ್ಲ ನರ್ಸಮ್ಮ, ಮತ್ಯಾಕೆ ಹೋಗ್ಬೇಕು?" ಪ್ರಶ್ನೆ ನ್ಯಾಯವಾದದ್ದು. ಆಸ್ಪತ್ರೆಯಲ್ಲಿ ತಪ್ಪಾದರೆ ಕೇಳಲು ದಾಖಲೆ ಇರುತ್ತದೆ, ಪತ್ರಿಕೆ ಇರುತ್ತದೆ, ವಿಧಾನಸೌಧ ಇದೆ. ಜಗಲಿಯ ಮೇಲೆ ಕಳೆದ ಎರಡೂವರೆ ಗಂಟೆಗೆ ಯಾರನ್ನು ಕೇಳುವುದು?

ಜಗಲಿಯ ತಡವನ್ನು ಸರ್ಕಾರ ತೆಗೆಯಲಾರದು. ಅದು ನಮ್ಮ ಮನೆಯೊಳಗಿನದು. ಅಮಾವಾಸ್ಯೆ ಕಳೆಯಲಿ, ಮಂಗಳವಾರ ಬೇಡ, ಅವರಪ್ಪನಿಗೆ ಫೋನು ಸಿಗುತ್ತಿಲ್ಲ, ಗಂಡ ಅಡಿಕೆ ತಗೊಂಡು ಭೀಮಸಮುದ್ರಕ್ಕೆ ಹೋದವನು ಬರಲಿ, ಹಸುವಿಗೆ ಹುಲ್ಲು ಹಾಕುವವರಿಲ್ಲ. ಒಂದೊಂದೂ ನಿಜವಾದ ತೊಂದರೆಯೇ. ಅದಕ್ಕೇ ನಾನು ಕೊನೆಕೊನೆಯ ವರ್ಷಗಳಲ್ಲಿ ಸೀಮಂತದ ಮನೆಗೆ ಹೋದರೆ ಬಸುರಿಗೆ ಬುದ್ಧಿ ಹೇಳುವುದನ್ನು ಬಿಟ್ಟೆ. ಅತ್ತೆ ಮತ್ತು ಗಂಡನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೇ ವಿಷಯ ಮಾತಾಡಿ ಮುಗಿಸುತ್ತಿದ್ದೆ. ರಾತ್ರಿ ಇವಳು 'ಯಾಕೋ ಆಗ್ತಿಲ್ಲ' ಅಂದರೆ ಯಾರನ್ನೂ ಕೇಳದೆ ಗಾಡಿ ಕರೆಯುವವರು ಯಾರು? ಆ ಹೆಸರನ್ನು ಇವತ್ತೇ ಹೇಳಿಬಿಡಿ. 108 ಬರುವುದು ತಡವಾದರೆ ಊರಲ್ಲಿ ಯಾರ ಕಾರು, ಯಾರ ಟಾಟಾ ಏಸ್? ಅವರ ನಂಬರು ಕ್ಯಾಲೆಂಡರಿನ ಮೇಲೆ ಬರೆಯಿರಿ. ಹಟ್ಟಿಯ ಅಜ್ಜಿಯೊಬ್ಬರಿಗೆ ಓದಲು ಬಾರದು. ಅವರು ಗೋಡೆಯ ಮೇಲೆ ಇದ್ದಿಲಿನಲ್ಲಿ ಅಂಕಿ ಬರೆಸಿಕೊಂಡು, ಒಂದೊಂದಾಗಿ ಒತ್ತಿ ಅಭ್ಯಾಸ ಮಾಡಿ ತೋರಿಸಿದ್ದರು.

ಬಳೆಗಾರ್ತಿಯ ಮಾತು ಅರ್ಧಕ್ಕೆ ನಿಲ್ಲಿಸಿದ್ದೆ. ಆ ಸೀಮಂತದ ಮೇಲೆ ಅವಳು ತನ್ನದೇ ಒಂದು ಶಾಸ್ತ್ರ ಇಟ್ಟುಕೊಂಡಳು. ಬಸುರಿಯ ಕೈ ಹಿಡಿದ ಕೂಡಲೇ, ಬಳೆ ಏರಿಸುವ ಮೊದಲೇ, "ತಲೆನೋವು ಐತೇನವ್ವ? ಕಣ್ಣು ಮಂಜಾಗ್ತವಾ? ಕೂಸು ಒದೀತೈತಾ?" ಅಂತ ಕೇಳುವಳು. ಬಸುರಿ ತಡವರಿಸಿದರೆ ಮಲಾರ ಮುಚ್ಚಿ ಕೂತುಬಿಡುವಳು. "ನರ್ಸಮ್ಮ ಬಂದು ನೋಡ್ಲಿ, ಆಮೇಲೆ ಇಕ್ತೀನಿ." ಬೀಗರ ಮುಂದೆ ಹೀಗಂದರೆ ನನ್ನನ್ನು ಕರೆಸದೆ ಬೇರೆ ದಾರಿ ಇರುತ್ತಿರಲಿಲ್ಲ. ಬಳೆಯ ಬೆಲೆಗೆ ಇಷ್ಟು ಕೆಲಸ ಮಾಡಿದವರು ನಮ್ಮ ಇಲಾಖೆಯಲ್ಲೂ ಕಮ್ಮಿ.

ಕೊನೆಯದಾಗಿ ಒಂದು ಮಾತು. 2016ರಿಂದ ಪ್ರತಿ ತಿಂಗಳ ಒಂಬತ್ತರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ವೈದ್ಯರು ಉಚಿತವಾಗಿ ನೋಡುತ್ತಾರೆ. ನಾಲ್ಕು ತಿಂಗಳು ತುಂಬಿದವರು ಬನ್ನಿ, ಜೊತೆಗೆ ಗಂಡನನ್ನೋ ಅತ್ತೆಯನ್ನೋ ಕರೆತನ್ನಿ. ತಾಯಿ ಕಾರ್ಡು ಮರೆಯಬೇಡಿ. ಬಿಪಿ ಎಷ್ಟಿದೆ, ರಕ್ತ ಎಷ್ಟಿದೆ ಅಂತ ಬಾಯಿಬಿಟ್ಟು ಕೇಳಿ, ಕಾರ್ಡಿನಲ್ಲಿ ಬರೆಸಿಕೊಂಡೇ ಏಳಿ. ಸಾಲು ಉದ್ದ ಇರುತ್ತದೆ, ತಿಂಡಿ ತಿಂದು ಬನ್ನಿ.